ವಾದ್ಯಕ್ಕೆ ಮೈಲಿಗೆಯುಂಟೆ?



ಕಳೆದ ತಿಂಗಳ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಏಳುವ ಮುನ್ನ ಮಠದ ಪಡಸಾಲೆಯಲ್ಲಿ ನಡೆದ ಒಂದು ಮಾತುಕತೆಯನ್ನು ನಿಮ್ಮ ಮುಂದಿಡಬಯಸುತ್ತೇನೆ. ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಗಳಾದ ಹಿರಿಯರೊಬ್ಬರು, ಪರದೇಶದಲ್ಲಿ ನೆಲಸಿರುವ ಮಗನ ಮನೆಗೆ ಹೋಗಿದ್ದಾಗ ಕಂಡು ಬಂದ ನಾಟಕವೊಂದರ ಪ್ರಸ್ತಾಪವೆತ್ತಿದರು. ಯೇಸುಕ್ರಿಸ್ತನ ಕೊನೆಯ ದಿನಗಳ ಕಥೆ. ಆದರೆ ಮಾತೆಂಬುದಿಲ್ಲ, ಆದ್ಯಂತ ಹಾಡು. ಆ ಹಾಡಿಗೆ ವಿದ್ಯುತ್ ಗಿಟಾರು ಮತ್ತು ಡ್ರಮ್ಮುಗಳ ಅಬ್ಬರದ ಹಿಮ್ಮೇಳ. “ತಮ್ಮ ದೇವರನ್ನು ತಾವೇ ರಂಗಕ್ಕೆಳೆದು ಕುಣಿಸಿ ಕಾಸು ಮಾಡಿಕೊಳ್ಳುವ ಕಾಲ ಬಂತಲ್ಲ! ಆ ಗದ್ದಲದಲ್ಲಿ ಧರ್ಮವೆಲ್ಲಿ ಉಳಿದೀತು?” ಎಂದು ಅವರು ನಿಟ್ಟುಸಿರುಬಿಟ್ಟರು. ಪಕ್ಕದಲ್ಲಿ ಕುಳಿತಿದ್ದ ಪದವಿ ತರಗತಿಯ ಹುಡುಗನೊಬ್ಬನು ಸುಮ್ಮನಿರಲಾರದೆ, “ಯಜಮಾನರೇ, ಕಲೆಗೆ ಕಟ್ಟು ಹಾಕಬಾರದು. ಬೇಡವಾದವರು ಟಿಕೆಟ್ಟು ಕೊಳ್ಳದಿದ್ದರಾಯಿತು” ಎಂದುಬಿಟ್ಟನು. ಅಲ್ಲಿಗೆ ಸಭೆ ಎರಡು ಪಂಗಡವಾಯಿತು. ಪ್ರಸಾದದ ಗಂಟೆ ಬಾರಿಸಿದ್ದರಿಂದ ವಾದ ನಿಂತಿತೇ ಹೊರತು ತೀರ್ಮಾನವಾಗಲಿಲ್ಲ.

ಅಂದು ಆಡದೆ ಉಳಿದ ನನ್ನ ಮಾತನ್ನು ಇಂದು ಬರೆಯುತ್ತಿದ್ದೇನೆ. ಆ ಹಿರಿಯರೂ ತಪ್ಪಿದರು, ಆ ಕಿರಿಯನೂ ತಪ್ಪಿದನು ಎಂಬುದೇ ನನ್ನ ವಾದ. ಒಬ್ಬರು ವಾದ್ಯದ ಸದ್ದನ್ನು ಕೇಳಿ ಕಥೆಯನ್ನೇ ತಳ್ಳಿಹಾಕಿದರು. ಇನ್ನೊಬ್ಬನು ಟಿಕೆಟ್ಟಿನ ಸ್ವಾತಂತ್ರ್ಯವನ್ನು ಮುಂದೊಡ್ಡಿ ಕಥೆಯ ಹೊಣೆಯಿಂದ ಜಾರಿಕೊಂಡನು. ಕೇಳಬೇಕಾದ ಪ್ರಶ್ನೆಯನ್ನು ಇಬ್ಬರೂ ಕೇಳಲಿಲ್ಲ. ಪವಿತ್ರ ಕಥೆಯೊಂದನ್ನು ಹೊಸ ರೂಪದಲ್ಲಿ ಹೇಳಹೊರಟವನಿಂದ ಆ ಕಥೆ ಏನನ್ನು ಬೇಡುತ್ತದೆ? ಕೇಳುವವನಿಂದ ಏನನ್ನು ಬೇಡುತ್ತದೆ? ಇದೇ ಆ ಪ್ರಶ್ನೆ.

ಮೊದಲಿಗೆ ವಿಷಯವೇನೆಂಬುದನ್ನು ತಿಳಿಯೋಣ. ತಿಳಿಯದೆ ಖಂಡಿಸುವುದೂ ತಿಳಿಯದೆ ಕೊಂಡಾಡುವುದೂ ಸಮಾನ ದೋಷಗಳಷ್ಟೆ. ಪಾಶ್ಚಾತ್ಯರಲ್ಲಿ ಅಪೆರಾ ಎಂಬ ಗೀತನಾಟಕ ಪ್ರಕಾರವು ನಾಲ್ಕು ಶತಮಾನಗಳಿಂದ ನಡೆದುಬಂದಿದೆ. ಅದರಲ್ಲಿ ಕಥೆಯನ್ನು ಬಹುಮಟ್ಟಿಗೆ ಹಾಡಿನಿಂದಲೇ ಸಾಗಿಸುತ್ತಾರೆ. ಇದೇ ಕ್ರಮವನ್ನಿರಿಸಿಕೊಂಡು, ಶಾಸ್ತ್ರೀಯ ಗಾಯನದ ಬದಲು ತರುಣರ ರಾಕ್ ಸಂಗೀತವನ್ನು ತಂದರೆ ಅದು ರಾಕ್ ಅಪೆರಾ ಎನಿಸುತ್ತದೆ. ಈ ಹೆಸರು ಪ್ರಚಾರಕ್ಕೆ ಬಂದದ್ದು 1969ರಲ್ಲಿ ‘ದಿ ಹೂ’ ಎಂಬ ಆಂಗ್ಲ ತಂಡವು ಹೊರತಂದ ‘ಟಾಮಿ’ ಎಂಬ ಧ್ವನಿಮುದ್ರಿಕೆಯಿಂದ. ಕಣ್ಣು ಕಾಣದ, ಕಿವಿ ಕೇಳದ, ಮಾತು ಬಾರದ ಬಾಲಕನೊಬ್ಬನು ಜನರ ಗುರುವಾಗಿ ಮೆರೆದು, ಕೊನೆಗೆ ಆ ಜನರಿಂದಲೇ ತಿರಸ್ಕೃತನಾಗುವ ಕಥೆಯದು. ಅದರ ಮುಖ್ಯ ರಚನಕಾರ ಪೀಟ್ ಟೌನ್‌ಶೆಂಡ್ ಎಂಬಾತನು ನಮ್ಮ ನೆರೆಯ ಅಹಮದನಗರದ ಸೀಮೆಯಲ್ಲಿ ನೆಲಸಿದ್ದ ಮೆಹೆರ್ ಬಾಬಾ ಅವರ ಅನುಯಾಯಿ. 1925ರಿಂದ 1969ರಲ್ಲಿ ದೇಹವಿಡುವವರೆಗೆ ಮೌನದಲ್ಲಿದ್ದ ಆ ಸಾಧಕರ ಹೆಸರು ಆ ಮುದ್ರಿಕೆಯ ಮೇಲೆ ಅಚ್ಚಾಗಿದೆ. ಕಿವಿಗಡಚಿಕ್ಕುವ ಸಂಗೀತದ ಹಿಂದೆ ಮೌನಿಯೊಬ್ಬರ ಸ್ಮರಣೆಯಿತ್ತೆಂಬುದನ್ನು ನಮ್ಮ ಹಿರಿಯರು ಗಮನಿಸಬೇಕು.

ಅದಕ್ಕೂ ಒಂದು ವರ್ಷ ಮೊದಲು, 1968ರ ಮಾರ್ಚ್ 1ರಂದು, ಲಂಡನ್ನಿನ ಕೋಲೆಟ್ ಕೋರ್ಟ್ ಎಂಬ ಬಾಲಕರ ಶಾಲೆಯಲ್ಲಿ ಮಕ್ಕಳು ಬೈಬಲ್ಲಿನ ಯೋಸೇಫನ ಕಥೆಯನ್ನು ಹೊಸ ಧಾಟಿಯ ಹಾಡುಗಳಲ್ಲಿ ಹಾಡಿದರು. ಅಣ್ಣಂದಿರಿಂದ ಮಾರಲ್ಪಟ್ಟ ತಮ್ಮನು ಕೊನೆಗೆ ಅವರನ್ನೇ ಹಸಿವಿನಿಂದ ಕಾಪಾಡುವ ಕಥೆ. ಸಂಗೀತ ಆಂಡ್ರ್ಯೂ ಲಾಯ್ಡ್ ವೆಬ್ಬರ್ ಎಂಬ ಇಪ್ಪತ್ತು ಮುಟ್ಟದ ತರುಣನದು. ಸಾಹಿತ್ಯ ಅವನಿಗಿಂತ ತುಸು ಹಿರಿಯನಾದ ಟಿಮ್ ರೈಸ್‌ನದು. ಅದೇ ವರ್ಷ ಲಂಡನ್ನಿನ ಸಂತ ಪಾಲ್ ಮಹಾಮಂದಿರದಲ್ಲಿಯೂ ಅದನ್ನು ಹಾಡಿಸಿದರು. ಚರ್ಚಿನ ಬಾಗಿಲು ಆ ಮಕ್ಕಳಿಗೆ ತೆರೆದೇ ಇದ್ದಿತು.

ಈ ಇಬ್ಬರೇ ಮುಂದೆ ಕ್ರಿಸ್ತನ ಕಥೆಗೆ ಕೈಹಾಕಿದರು. ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ಎಂಬುದು ಆ ಕೃತಿಯ ಹೆಸರು. ರಂಗಕ್ಕೆ ತರಲು ಯಾರೂ ಮುಂದಾಗದ ಕಾರಣ 1970ರಲ್ಲಿ ಅದು ಜೋಡಿ ಧ್ವನಿಮುದ್ರಿಕೆಯಾಗಿ ಹೊರಬಿತ್ತು. ಮುದ್ರಿಕೆಯು ಅಮೆರಿಕದಲ್ಲಿ ಮಾರಾಟದ ಅಗ್ರಸ್ಥಾನಕ್ಕೇರಿದ ಮೇಲೆ, 1971ರ ಅಕ್ಟೋಬರ್ 12ರಂದು ನ್ಯೂಯಾರ್ಕಿನ ಮಾರ್ಕ್ ಹೆಲಿಂಜರ್ ರಂಗಮಂದಿರದಲ್ಲಿ ನಾಟಕವಾಗಿ ಆರಂಭಗೊಂಡು 711 ಪ್ರಯೋಗಗಳನ್ನು ಕಂಡಿತು. ಲಂಡನ್ನಿನ ಪ್ಯಾಲೆಸ್ ರಂಗಮಂದಿರದಲ್ಲಿ 1972ರಿಂದ 1980ರವರೆಗೆ 3,358 ಪ್ರಯೋಗಗಳಾದವು. 1973ರಲ್ಲಿ ನಾರ್ಮನ್ ಜ್ಯೂಯಿಸನ್ ಇದನ್ನು ಇಸ್ರೇಲಿನ ನೆಲದಲ್ಲಿಯೇ ಚಿತ್ರೀಕರಿಸಿದನು. ನಮ್ಮ ದೇಶದಲ್ಲಿಯೂ 1970ರ ದಶಕದಲ್ಲಿ ಮುಂಬಯಿಯ ರಂಗನಿರ್ದೇಶಕ ಅಲೀಕ್ ಪದಮ್ಸೀ ಅವರು ಇದನ್ನು ಪ್ರಯೋಗಿಸಿದರು. ಕಥೆ ನಡೆಯುವುದು ಯೇಸುವಿನ ಕೊನೆಯ ವಾರದಲ್ಲಿ. ಅದನ್ನು ಹೆಚ್ಚಾಗಿ ಕಾಣಿಸುವುದು, ಗುರುವನ್ನು ಹಿಡಿದುಕೊಟ್ಟ ಇಸ್ಕರಿಯೋತ ಯೂದನ ಕಣ್ಣಿನಿಂದ.

ಪ್ರತಿಭಟನೆಗಳು ಎದ್ದವು. ನ್ಯೂಯಾರ್ಕಿನ ರಂಗಮಂದಿರದ ಬಾಗಿಲಲ್ಲಿ ಕ್ರೈಸ್ತ ಭಕ್ತರು ಫಲಕಗಳನ್ನು ಹಿಡಿದು ನಿಂತರು. ಯೆಹೂದ್ಯರ ಸಂಘಗಳು ಬೇರೆಯದೇ ಕಾರಣಕ್ಕೆ ಆಕ್ಷೇಪಿಸಿದವು. ದಕ್ಷಿಣ ಆಫ್ರಿಕದಲ್ಲಿ ಕೃತಿಗೆ ನಿಷೇಧ ಬಿತ್ತು. ಭಕ್ತರ ದೂರುಗಳನ್ನು ಒಟ್ಟುಗೂಡಿಸಿದರೆ ಮೂರು ಮುಖ್ಯ ಆರೋಪಗಳಾಗುತ್ತವೆ: ವಾದ್ಯ ಅಪವಿತ್ರ, ನಾಟಕಶಾಲೆ ಅಪವಿತ್ರ, ದೇವರನ್ನು ಮನುಷ್ಯನಾಗಿಸಿ ದ್ರೋಹಿಗೆ ದನಿ ಕೊಟ್ಟದ್ದು ಅಪರಾಧ. ಒಂದೊಂದನ್ನಾಗಿ ವಿಚಾರಿಸೋಣ.

ವಾದ್ಯದ ಮಾತು ಮೊದಲು. ಇಂದು ಚರ್ಚು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಆರ್ಗನ್ ವಾದ್ಯ. ಆದರೆ ಕ್ರೈಸ್ತಧರ್ಮದ ಮೊದಲ ಶತಮಾನಗಳ ಆಚಾರ್ಯರು ಆರಾಧನೆಯಲ್ಲಿ ವಾದ್ಯಗಳನ್ನೇ ಒಪ್ಪುತ್ತಿರಲಿಲ್ಲ. ಆರ್ಗನ್ ಅಂದು ರೋಮನರ ಮಲ್ಲರಂಗದ ವಾದ್ಯ, ಮನುಷ್ಯರ ಕಾದಾಟದ ಮೋಜಿಗೆ ನುಡಿಸುತ್ತಿದ್ದುದು. ಪೂರ್ವದ ಆರ್ಥಡಾಕ್ಸ್ ಚರ್ಚುಗಳಲ್ಲಿ ಬಹುಮಟ್ಟಿಗೆ ಇಂದಿಗೂ ವಾದ್ಯವಿಲ್ಲ, ಕಂಠವೊಂದೇ. ಮಲ್ಲರಂಗದಲ್ಲಿ ಮೈಲಿಗೆಯಾಗಿದ್ದ ವಾದ್ಯವು ಪಶ್ಚಿಮದ ಗರ್ಭಗುಡಿಯಲ್ಲಿ ಮಡಿಯಾದದ್ದು ಹೇಗೆ? ಭಕ್ತಿಯಿದ್ದವರ ಬೆರಳು ಅದನ್ನು ಮುಟ್ಟಿತು, ಅಷ್ಟೆ. ವಾದ್ಯ ಬದಲಾಗಲಿಲ್ಲ.

ಅಷ್ಟು ದೂರ ಹೋಗುವುದೇಕೆ? ನಮ್ಮ ಮಠಗಳ ಭಜನೆಯಲ್ಲಿ, ವಚನಗಾಯನದಲ್ಲಿ, ಪುರಾಣ ಪ್ರವಚನದಲ್ಲಿ ಯಾವ ವಾದ್ಯವಿಲ್ಲದೆ ಕೆಲಸ ಸಾಗದೋ ಆ ಹಾರ್ಮೋನಿಯಂ ಯಾರದು? 1840ರ ದಶಕದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡು, ಚರ್ಚುಗಳಲ್ಲಿ ಆರ್ಗನ್ನಿಗೆ ಬದಲಿಯಾಗಿ ನುಡಿದು, ಪಾದ್ರಿಗಳ ಜತೆ ಹಡಗೇರಿ ನಮ್ಮ ನಾಡಿಗೆ ಬಂದ ವಾದ್ಯವದು. ನಮ್ಮ ಸಂಗೀತದ ಗಮಕಕ್ಕೂ ಶ್ರುತಿಗೂ ಅದು ಒಗ್ಗದೆಂದು ವಿದ್ವಾಂಸರು ದೂರಿದರು. ಆಕಾಶವಾಣಿಯು 1940ರಲ್ಲಿ ಅದನ್ನು ನಿಷೇಧಿಸಿ, 1971ರವರೆಗೆ ಬಾಗಿಲ ಹೊರಗೇ ನಿಲ್ಲಿಸಿತು. ಅಂದರೆ ನ್ಯೂಯಾರ್ಕಿನ ಭಕ್ತರು ಗಿಟಾರಿನ ವಿರುದ್ಧ ಫಲಕ ಹಿಡಿದ ವರ್ಷದಲ್ಲಿಯೇ ನಮ್ಮ ಸರ್ಕಾರಿ ಬಾನುಲಿಯು ಹಾರ್ಮೋನಿಯಮ್ಮಿನ ಬಹಿಷ್ಕಾರವನ್ನು ಸಡಿಲಿಸುತ್ತಿತ್ತು! ಆ ಮೂವತ್ತೊಂದು ವರ್ಷಗಳ ಕಾಲ ನಮ್ಮ ಹಳ್ಳಿಹಳ್ಳಿಗಳ ಭಜನಾಮಂಡಳಿಗಳು ಆ ವಾದ್ಯದ ತಿದಿಯೊತ್ತುತ್ತಲೇ ಇದ್ದವು. ಅವರ ಭಕ್ತಿಗೆ ಯಾವ ಕುಂದೂ ಬರಲಿಲ್ಲ. ಹುಟ್ಟಿನಿಂದ ಮಡಿಮೈಲಿಗೆಗಳನ್ನು ಎಣಿಸುವುದು ಮನುಷ್ಯರ ವಿಷಯದಲ್ಲಿ ಅಧರ್ಮವೆಂದು ಶರಣರು ಸಾರಿದ ನಾಡಿನಲ್ಲಿ ನಿಂತು, ವಾದ್ಯದ ವಿಷಯದಲ್ಲಿ ಅದನ್ನೇ ಎಣಿಸುವುದು ನ್ಯಾಯವೇ? ಹಿರಿಯರು ಯೋಚಿಸಲಿ.

ಎರಡನೆಯ ಆರೋಪ ನಾಟಕಶಾಲೆಯದು. ಇದೂ ಹೊಸ ದೂರಲ್ಲ. ಹ್ಯಾಂಡೆಲ್ ಎಂಬ ವಾಗ್ಗೇಯಕಾರನ ‘ಮೆಸಾಯ’ ಇಂದು ಕ್ರೈಸ್ತ ಜಗತ್ತಿನ ಮಹಾಗೀತವೆನಿಸಿದೆ. 1743ರಲ್ಲಿ ಲಂಡನ್ನಿನ ನಾಟಕಶಾಲೆಯಲ್ಲಿ ಅದನ್ನು ಹಾಡಿಸಿದಾಗ, ದೇವರ ವಾಕ್ಯವನ್ನು ನಟನಟಿಯರ ಬಾಯಿಗೆ ಹಾಕುವುದೇ ಎಂದು ಪತ್ರಿಕೆಯಲ್ಲಿ ಆಕ್ಷೇಪ ಪ್ರಕಟವಾಯಿತು. ಜಾಹೀರಾತಿನಲ್ಲಿ ಕೃತಿಯ ಹೆಸರನ್ನೇ ಮರೆಮಾಡಿ ‘ಹೊಸ ಪವಿತ್ರ ಗೀತಕಥನ’ವೆಂದು ಅಚ್ಚುಹಾಕಿಸಬೇಕಾಯಿತು. ಅದಕ್ಕೆ ಹಿಂದಿನ ವರ್ಷ, 1742ರ ಏಪ್ರಿಲ್ 13ರಂದು, ಡಬ್ಲಿನ್ ನಗರದಲ್ಲಿ ಅದರ ಮೊದಲ ಗಾಯನವಾದಾಗ ಬಂದ ಹಣವನ್ನು ಆಸ್ಪತ್ರೆಗಳಿಗೂ ಸಾಲ ತೀರಿಸಲಾರದೆ ಸೆರೆಮನೆ ಸೇರಿದ್ದ ಬಡವರ ಬಿಡುಗಡೆಗೂ ಹಂಚಿದರು. 142 ಮಂದಿ ಋಣಸೆರೆಯವರು ಬಿಡುಗಡೆ ಹೊಂದಿದರೆಂದು ದಾಖಲೆಯಿದೆ. ವಾಚಕರೇ, ಈ ಸಂಖ್ಯೆಯನ್ನು ನೆನಪಿನಲ್ಲಿಡಿ. ಮುಂದೆ ಇದಕ್ಕೆ ಮರಳುತ್ತೇನೆ.

ಇನ್ನೂ ಹಿಂದಕ್ಕೆ ಹೋದರೆ ಇಂಗ್ಲೆಂಡಿನ ಯಾರ್ಕ್ ನಗರ ಕಾಣುತ್ತದೆ. 14ನೆಯ ಶತಮಾನದಿಂದ 1569ರವರೆಗೆ ಅಲ್ಲಿ ಸೃಷ್ಟಿಯಿಂದ ಅಂತ್ಯತೀರ್ಪಿನವರೆಗಿನ ಬೈಬಲ್ ಕಥೆಗಳನ್ನು ಹಬ್ಬದ ದಿನ ಬಂಡಿಗಳ ಮೇಲೆ ಬೀದಿಬೀದಿಯಲ್ಲಿ ಆಡುತ್ತಿದ್ದರು. ಆಡುತ್ತಿದ್ದವರು ವೃತ್ತಿನಟರಲ್ಲ, ಊರಿನ ಕಸುಬುದಾರರು. ನೋಹನು ನಾವೆ ಕಟ್ಟುವ ಪ್ರಸಂಗ ಹಡಗು ಕಟ್ಟುವವರ ಪಾಲಿಗೆ, ಪ್ರಳಯದ ಪ್ರಸಂಗ ಬೆಸ್ತರು ಮತ್ತು ನಾವಿಕರ ಪಾಲಿಗೆ, ಕೊನೆಯ ಭೋಜನ ರೊಟ್ಟಿ ಸುಡುವವರ ಪಾಲಿಗೆ. ಯೇಸುವಿಗೆ ಮೊಳೆ ಜಡಿಯುವ ಪ್ರಸಂಗ ಯಾರದು ಬಲ್ಲಿರಾ? ಮೊಳೆ, ಗುಂಡುಸೂಜಿಗಳನ್ನು ಮಾಡುವ ಕಸುಬಿನವರದು! ತಾನು ದಿನವೂ ಕುಟ್ಟುವ ಮೊಳೆಯೇ ನಿರಪರಾಧಿಯ ಕೈಯನ್ನು ತೂರಿತೆಂಬುದನ್ನು ಆ ಕಮ್ಮಾರನು ವರುಷಕ್ಕೊಮ್ಮೆ ತನ್ನ ಊರಿನವರೆದುರಿಗೆ ತಾನೇ ಆಡಿ ತೋರಿಸಬೇಕಾಗಿತ್ತು. ಕಾಯಕದ ಮಹತ್ವವನ್ನು ಬಲ್ಲ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಭಾಷೆ ಪಂಡಿತರ ಲ್ಯಾಟಿನ್ ಅಲ್ಲ, ಬೀದಿಯ ಇಂಗ್ಲಿಷು. ಅದರಲ್ಲಿ ಹಾಸ್ಯವಿತ್ತು, ಜಗಳವಿತ್ತು, ಒರಟು ಮಾತೂ ಇತ್ತು. ಮತಸುಧಾರಣೆಯ ಕಾಲದ ಅಧಿಕಾರಿಗಳು ಆ ಆಟಗಳನ್ನು ನಿಲ್ಲಿಸಿದರು. ಸುಮಾರು ನಾಲ್ಕು ಶತಮಾನಗಳ ಬಳಿಕ, 1951ರಲ್ಲಿ, ಯಾರ್ಕಿನವರು ಅವುಗಳನ್ನು ಅಭಿಮಾನದಿಂದ ಮತ್ತೆ ರಂಗಕ್ಕೆ ತಂದರು. ಆಟ ನಿಂತದ್ದರಿಂದ ಧರ್ಮಕ್ಕಾದ ಲಾಭವೇನೆಂಬುದು ನನಗಂತೂ ಕಾಣದು.

ಮೂರನೆಯ ಆರೋಪ ಗಂಭೀರವಾದುದು. ‘ಸೂಪರ್‌ಸ್ಟಾರ್’ನಲ್ಲಿ ಯೇಸು ದಣಿಯುತ್ತಾನೆ, ಸಿಡುಕುತ್ತಾನೆ, ಸಾವಿಗೆ ಅಂಜುತ್ತಾನೆ, ಯೂದನು ವಾದ ಹೂಡುತ್ತಾನೆ, ಯೇಸು ಸತ್ತ ಮೇಲೆ ಮರಳಿ ಏಳುವುದನ್ನು ತೋರಿಸದೆಯೇ ತೆರೆ ಬೀಳುತ್ತದೆ. ಪುನರುತ್ಥಾನವಿಲ್ಲದ ಕ್ರಿಸ್ತಕಥೆಯು ದೀಪವಿಲ್ಲದ ಗುಡಿಯಂತೆ ಎಂಬುದು ಭಕ್ತರ ದೂರು.

ಈ ದೂರಿನ ಮೊದಲ ಭಾಗಕ್ಕೆ ಸುವಾರ್ತೆಗಳೇ ಉತ್ತರ ಕೊಡುತ್ತವೆ. ಗೆತ್ಸೆಮನೆಯ ತೋಟದಲ್ಲಿ ಯೇಸು ಸಂಕಟಪಟ್ಟು, ಸಾಧ್ಯವಾದರೆ ಈ ಯಾತನೆ ತನ್ನಿಂದ ದೂರವಾಗಲೆಂದು ತಂದೆಯನ್ನು ಬೇಡಿದನೆಂಬ ಪ್ರಸಂಗವನ್ನು ಬರೆದವನು ಟಿಮ್ ರೈಸನಲ್ಲ. ಅದು ಮೂಲದಲ್ಲಿಯೇ ಇದೆ. ಮಹಾತ್ಮರ ಅಂಜಿಕೆಯನ್ನೂ ಅಳಲನ್ನೂ ಮುಚ್ಚಿಟ್ಟು ಬರಿಯ ಪವಾಡಗಳನ್ನು ಉಳಿಸಿಕೊಳ್ಳುವ ಭಕ್ತಿಯು ಅವರನ್ನು ಎತ್ತರದಲ್ಲಿಡುವುದಿಲ್ಲ, ದೂರದಲ್ಲಿಡುತ್ತದೆ. ದೂರದಲ್ಲಿಟ್ಟವರಿಗೆ ಕೈಮುಗಿಯಬಹುದೇ ಹೊರತು ಅವರ ಹಿಂದೆ ನಡೆಯಲಾಗದು. ಪ್ರಶ್ನಿಸುವ ಯೂದನನ್ನು ಕಂಡು ಅಂಜುವುದೂ ಬೇಡ. ಪ್ರಶ್ನೆಯಿಂದ ಅಳಿಯುವ ಧರ್ಮವು ಮೌನದಿಂದ ಉಳಿಯುವುದಿಲ್ಲ.

ಎರಡನೆಯ ಭಾಗಕ್ಕೆ ಬಾಖ್ ಮಹಾಶಯನೇ ಸಾಕ್ಷಿ. ಮತ್ತಾಯನ ಸುವಾರ್ತೆಯನ್ನಾಧರಿಸಿ ಆತನು ರಚಿಸಿದ ಕ್ರಿಸ್ತಯಾತನೆಯ ಮಹಾಗೀತವು 1727ರ ಶುಭ ಶುಕ್ರವಾರದಂದು ಲೈಪ್‌ಜಿಗ್ ನಗರದ ಸಂತ ತೋಮನ ಚರ್ಚಿನಲ್ಲಿ ಮೊದಲು ಹಾಡಲ್ಪಟ್ಟಿತೆಂದು ವಿದ್ವಾಂಸರ ಅಭಿಪ್ರಾಯ. ಅದೂ ಮುಗಿಯುವುದು ಸಮಾಧಿಯ ಬಳಿಯಲ್ಲಿಯೇ, ಕಣ್ಣೀರಿನಲ್ಲಿಯೇ. ಅದರಲ್ಲಿಯೂ ಪುನರುತ್ಥಾನವಿಲ್ಲ. ಹಾಗೆಂದು ಬಾಖನನ್ನು ಧರ್ಮದ್ರೋಹಿಯೆಂದವರು ಯಾರು?

ಆದರೆ ಇಲ್ಲಿಯೇ ನಾನು ಆ ಹಿರಿಯರತ್ತ ಒಂದು ಹೆಜ್ಜೆ ಹತ್ತಿರ ಹೋಗಬೇಕಾಗಿದೆ. ಬಾಖನ ಗೀತ ಹಾಡಿದ್ದು ಆರಾಧನೆಯ ನಡುವೆ. ಅದರ ಎರಡು ಭಾಗಗಳ ಮಧ್ಯೆ ಉಪದೇಶವಿರುತ್ತಿತ್ತು. ಕೇಳಿದವರು ಶುಕ್ರವಾರ ಅತ್ತು ಮನೆಗೆ ಹೋದರೆ ಭಾನುವಾರ ಈಸ್ಟರ್ ಹಬ್ಬಕ್ಕೆ ಅದೇ ಚರ್ಚಿಗೆ ಮರಳುತ್ತಿದ್ದರು. ಗೀತವು ಅರ್ಧಕ್ಕೆ ನಿಲ್ಲಿಸಿದ್ದನ್ನು ಸಮುದಾಯವು ಪೂರ್ಣಗೊಳಿಸುತ್ತಿತ್ತು. ಬ್ರಾಡ್‌ವೇ ಬೀದಿಯಲ್ಲಿ ತೆರೆ ಬಿದ್ದ ಮೇಲೆ ಪ್ರೇಕ್ಷಕನು ಹೋಗುವುದೆಲ್ಲಿಗೆ? ಚಪ್ಪಾಳೆ ತಟ್ಟಿ, ಊಟದ ಹೋಟೆಲಿಗೆ. ಅವನಿಗಾಗಿ ಕಾದು ನಿಂತ ಭಾನುವಾರವಿಲ್ಲ. ಕೃತಿಯ ಕೊನೆ ಎರಡು ಕಡೆಯೂ ಒಂದೇ. ಕೊರತೆಯಿರುವುದು ಕೃತಿಯ ಸುತ್ತಲಿನ ಬಾಳಿನಲ್ಲಿ. ನಿಜವಾದ ಆರೋಪಗಳು ಇಲ್ಲಿಂದ ಹುಟ್ಟಬೇಕು, ಗಿಟಾರಿನ ತಂತಿಯಿಂದಲ್ಲ. ಈಗ ಆ ಕಿರಿಯ ಮಿತ್ರನು ಕಿವಿಗೊಡಲಿ.

“ಬೇಡವಾದವರು ಟಿಕೆಟ್ಟು ಕೊಳ್ಳದಿದ್ದರಾಯಿತು” ಎಂದೆಯಲ್ಲವೆ, ತಮ್ಮಾ? ಪವಿತ್ರ ಕಥೆ ಟಿಕೆಟ್ಟು ಕೊಂಡವರನ್ನಷ್ಟೇ ಮುಟ್ಟುವುದಿಲ್ಲ. ಜರ್ಮನಿಯ ಬವೇರಿಯ ಪ್ರಾಂತದಲ್ಲಿ ಓಬರಾಮರ್‌ಗೌ ಎಂಬ ಹಳ್ಳಿಯಿದೆ. 1633ರಲ್ಲಿ ಪ್ಲೇಗು ಎರಗಿದಾಗ ಊರಿನವರು, ಬದುಕುಳಿದರೆ ಕ್ರಿಸ್ತಯಾತನೆಯ ನಾಟಕವನ್ನು ತಪ್ಪದೆ ಆಡುವೆವೆಂದು ಹರಕೆ ಹೊತ್ತರು, 1634ರಲ್ಲಿ ಆಡಿದರು, ಅಂದಿನಿಂದ ಬಹುಮಟ್ಟಿಗೆ ಹತ್ತು ವರ್ಷಕ್ಕೊಮ್ಮೆ ಆಡುತ್ತ ಬಂದಿದ್ದಾರೆ. 2020ರ ಆಟವು ಕೋವಿಡ್ ಸೋಂಕಿನ ಕಾರಣ ಮುಂದಕ್ಕೆ ಹೋಗಿ 2022ರಲ್ಲಿ ನಡೆಯಿತು. ಇಷ್ಟು ಭಕ್ತಿಯ ಆಟದಲ್ಲಿಯೂ ಒಂದು ವಿಷವಿತ್ತು: ಯೇಸುವಿನ ಸಾವಿನ ಹೊಣೆಯನ್ನು ಇಡೀ ಯೆಹೂದ್ಯ ಕುಲದ ಮೇಲೆ ಹೊರಿಸುವ ಚಿತ್ರಣ. 1934ರ ಆಟವನ್ನು ಹಿಟ್ಲರನು ಬಂದು ನೋಡಿದನು, ಮೆಚ್ಚಿದನು. ಯೆಹೂದ್ಯರ ಮೇಲೆ ಆ ಬಳಿಕ ನಡೆದ ಘೋರವನ್ನು ಲೋಕ ಬಲ್ಲದು. ಆ ಘೋರಕ್ಕೆ ಒಂದು ನಾಟಕವೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಶತಮಾನಗಳ ಕಾಲ ಕಥೆಯನ್ನು ಹೇಳಿದ ಬಗೆಯು ನೆರೆಯವನ ಮೇಲಿನ ದ್ವೇಷಕ್ಕೆ ಗೊಬ್ಬರವಾಯಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆ ಯೆಹೂದ್ಯರಲ್ಲಿ ಎಷ್ಟು ಮಂದಿ ಟಿಕೆಟ್ಟು ಕೊಂಡಿದ್ದರು?

1971ರಲ್ಲಿ ‘ಸೂಪರ್‌ಸ್ಟಾರ್’ ರಂಗಕ್ಕೆ ಬಂದಾಗ ಅಮೆರಿಕದ ಯೆಹೂದ್ಯ ಸಂಘಗಳು ಎತ್ತಿದ ಆಕ್ಷೇಪವೂ ಇದೇ. ಕಾಯಫ ಮೊದಲಾದ ಪುರೋಹಿತರನ್ನು ಕ್ರೂರ ಕರಾಳ ವ್ಯಕ್ತಿಗಳನ್ನಾಗಿಯೂ ರೋಮನ್ ಅಧಿಕಾರಿ ಪಿಲಾತನನ್ನು ಕರುಣೆಗೆ ಪಾತ್ರನಾದವನನ್ನಾಗಿಯೂ ತೋರಿಸಿ, ಹಳೆಯ ಗಾಯವನ್ನು ಮತ್ತೆ ಕೆದಕಿದಿರೆಂದು ಅವರು ಹೇಳಿದರು. ಗಿಟಾರನ್ನು ಬಯ್ದ ಭಕ್ತರ ಗದ್ದಲದಲ್ಲಿ ಈ ನ್ಯಾಯವಾದ ಮಾತು ಬಹಳ ಜನರ ಕಿವಿಗೆ ಬೀಳಲಿಲ್ಲ. ಇದೇ ನನಗೆ ಅತ್ಯಂತ ವ್ಯಥೆಯ ಸಂಗತಿ. ಹೊಸ ವಾದ್ಯವನ್ನು ಸಹಿಸದವರು ಹಳೆಯ ದ್ವೇಷವನ್ನು ಸಹಿಸಿಕೊಂಡರು. ಓಬರಾಮರ್‌ಗೌ ಗ್ರಾಮಸ್ಥರಾದರೋ ತಡವಾಗಿಯಾದರೂ ಎಚ್ಚೆತ್ತರು. ಯೆಹೂದ್ಯ ವಿದ್ವಾಂಸರೊಡನೆ ಕುಳಿತು ತಮ್ಮ ಪಠ್ಯವನ್ನು ಮತ್ತೆ ಮತ್ತೆ ತಿದ್ದಿದರು. 2022ರಲ್ಲಿ ಯೂದನ ಪಾತ್ರವನ್ನು ಆ ಊರಿನ ಮುಸ್ಲಿಂ ತರುಣನೊಬ್ಬನಿಗೆ ವಹಿಸಿದರು. ಸಂಪ್ರದಾಯಸ್ಥರೆಂದು ನಾವು ಭಾವಿಸುವ ಹಳ್ಳಿಗರು ಮಾಡಬಲ್ಲ ಸುಧಾರಣೆಯನ್ನು ಕಲಾಸ್ವಾತಂತ್ರ್ಯದ ಹೆಸರು ಹೇಳುವವರು ಮಾಡಲಾರರೆ?

ಎರಡನೆಯ ನಿಜವಾದ ಆರೋಪ ಹಣದ್ದು. ಮುದ್ರಿಕೆ ಜನಪ್ರಿಯವಾದೊಡನೆ ಅಮೆರಿಕದ ಅನೇಕ ಕಡೆ ಹಲವು ತಂಡಗಳು ತಮ್ಮಷ್ಟಕ್ಕೆ ತಾವೇ ಅದನ್ನು ಹಾಡತೊಡಗಿದವು. ಹಕ್ಕುದಾರರು ನ್ಯಾಯಾಲಯದ ಮೆಟ್ಟಿಲೇರಿದರು. ಅನುಮತಿಯಿಲ್ಲದ ಪ್ರಯೋಗಗಳ ಮೇಲೆ 1972ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯವು ಹಕ್ಕುದಾರರ ಪರವಾಗಿ ತೀರ್ಪಿತ್ತಿತು. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯೇ. ಕವಿಗೂ ಸಂಗೀತಗಾರನಿಗೂ ದುಡಿಮೆಯ ಫಲ ದೊರೆಯಲೇಬೇಕು. ಆದರೂ ಊರೆಲ್ಲರ ಸ್ವತ್ತಾಗಿದ್ದ ಕಥೆಯ ಬಾಗಿಲಿಗೆ ಕಾವಲುಗಾರ ಬಂದು ನಿಂತನು. ಖ್ಯಾತಿಯೆಂಬುದು ಗುರುವನ್ನು ಹೇಗೆ ನುಂಗುತ್ತದೆಂಬುದೇ ಆ ಕೃತಿಯ ತಿರುಳು. ಜಯಕಾರ ಹಾಕಿದ ಜನವೇ ವಾರ ಕಳೆಯುವುದರೊಳಗೆ ಕೊಲ್ಲಿರೆಂದು ಕೂಗುತ್ತಾರೆ. ಖ್ಯಾತಿಯನ್ನು ಪ್ರಶ್ನಿಸಿದ ಆ ಕೃತಿಯನ್ನೇ ಖ್ಯಾತಿಯ ಸಂತೆ ಹೊತ್ತು ಮಾರಿತು. ಡಬ್ಲಿನ್ನಿನ 142 ಮಂದಿ ಸೆರೆಯಾಳುಗಳನ್ನು ಈಗ ನೆನೆಯಿರಿ. ಅಂದೂ ಟಿಕೆಟ್ಟಿತ್ತು, ಅಂದೂ ಹಣ ಬಂದಿತ್ತು. ಆದರೆ ಹಣವು ಸೆರೆಮನೆಯ ಬೀಗ ತೆಗೆಯಿತು. ಹಾಡಿನಲ್ಲಿ ಬಿಡುಗಡೆಯ ಮಾತನ್ನಾಡಿ, ಹಾಡಿನ ಹಣದಿಂದ ಬಿಡುಗಡೆ ಮಾಡಿಸಿದರು. ನುಡಿಗೆ ನಡೆ ಕೂಡಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಪ್ರಸಂಗವನ್ನು ಹೇಳದಿದ್ದರೆ ಹಿರಿಯರು ತಾವೇ ಗೆದ್ದೆವೆಂದು ತಿಳಿದಾರು. 1970ರ ಈಸ್ಟರ್ ಹಬ್ಬದ ವೇಳೆ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಜಾನ್ ಮೈಕೇಲ್ ಟೆಬೆಲಾಕ್ ಎಂಬ ನಾಟಕದ ವಿದ್ಯಾರ್ಥಿಯು ಚರ್ಚಿಗೆ ಹೋದನು. ಉದ್ದ ಕೂದಲಿನ ತರುಣ. ಆರಾಧನೆ ನೀರಸವಾಗಿತ್ತು, ಯಾರ ಮುಖದಲ್ಲಿಯೂ ಹಬ್ಬದ ಆನಂದವಿರಲಿಲ್ಲ. ಹೊರಬರುತ್ತಿದ್ದಂತೆ ಪೋಲೀಸನೊಬ್ಬನು ತನ್ನನ್ನು ನಿಲ್ಲಿಸಿ ಮಾದಕವಸ್ತುವಿಗಾಗಿ ಮೈ ತಡವಿದನೆಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಮನೆಗೆ ಹೋದವನು ಮತ್ತಾಯನ ಸುವಾರ್ತೆಯ ದೃಷ್ಟಾಂತಕಥೆಗಳನ್ನು ನಾಟಕವಾಗಿಸತೊಡಗಿದನು. ಅದೇ ‘ಗಾಡ್‌ಸ್ಪೆಲ್’. ಸ್ಟೀಫನ್ ಶ್ವಾರ್ಟ್ಸ್‌ನ ಹೊಸ ಸಂಗೀತದೊಡನೆ ಅದು 1971ರ ಮೇ 17ರಂದು ನ್ಯೂಯಾರ್ಕಿನ ಚಿಕ್ಕ ರಂಗಮಂದಿರವೊಂದರಲ್ಲಿ ಆರಂಭವಾಗಿ ಜಗತ್ತನ್ನೇ ಸುತ್ತಿತು. ತರುಣನು ದೇವರ ಮನೆಗೆ ಬಂದಿದ್ದನು. ಅವನ ಕೂದಲನ್ನು ಕಂಡವರು ಅವನ ಹಸಿವನ್ನು ಕಾಣಲಿಲ್ಲ. ಗುಡಿಯ ಬಾಗಿಲಲ್ಲಿ ಮೈ ತಡವಿಸಿಕೊಂಡವನು ನಾಟಕಶಾಲೆಗೆ ಹೋಗಿ ದೇವರ ಕಥೆ ಹೇಳಿದರೆ, ತಪ್ಪು ನಾಟಕಶಾಲೆಯದೆ?

ಕಾಲದ ಆಟವನ್ನು ನೋಡಿರಿ. ‘ಸೂಪರ್‌ಸ್ಟಾರ್’ ನಡೆದ, ಭಕ್ತರು ಫಲಕ ಹಿಡಿದು ನಿಂತಿದ್ದ ಆ ಮಾರ್ಕ್ ಹೆಲಿಂಜರ್ ರಂಗಮಂದಿರವನ್ನು 1989ರಲ್ಲಿ ಒಂದು ಚರ್ಚು ಬಾಡಿಗೆಗೆ ಪಡೆಯಿತು, 1991ರಲ್ಲಿ ಕೊಂಡೇಬಿಟ್ಟಿತು. ಈಗ ಅದು ಪ್ರಾರ್ಥನಾಮಂದಿರ. ಅದೇ ಗೋಡೆ, ಅದೇ ವೇದಿಕೆ. ಕಟ್ಟಡಕ್ಕೆ ಅಂದೂ ಮೈಲಿಗೆ ಇರಲಿಲ್ಲ, ಇಂದೂ ಮಡಿ ಬಂದಿಲ್ಲ.

ಇನ್ನು ನಮ್ಮ ಮಾತಿಗೆ ಬರೋಣ. ಇದು ಪರರ ಮನೆಯ ಜಗಳವೆಂದು ಕೈತೊಳೆದುಕೊಳ್ಳುವಂತಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯು ಚನ್ನಬಸವೇಶ್ವರನ ಕೃಪಾಪೋಷಿತವೆಂದು ಹೆಸರಿಟ್ಟುಕೊಂಡು ಊರೂರು ತಿರುಗಿತು. ಗ್ಯಾಸುದೀಪವೂ ಹಾರ್ಮೋನಿಯಮ್ಮೂ ಅಂದಿನ ಹೊಸತುಗಳೇ ಆಗಿದ್ದವು. ಇಂದು ನಮ್ಮ ಪ್ರಸಾದನಿಲಯಗಳ ಮಕ್ಕಳು ಗಿಟಾರು ಹಿಡಿದು ಬಂದು, ಶರಣರ ಬಾಳನ್ನು ತಮ್ಮ ಧಾಟಿಯಲ್ಲಿ ಹಾಡುತ್ತೇವೆಂದು ಕೇಳಿದರೆ ನಾವೇನು ಹೇಳುತ್ತೇವೆ? ಬೇಡವೆಂದು ಗದರಿಸಿದರೆ ಅವರು ಹಾಡುವುದನ್ನು ಬಿಡುವುದಿಲ್ಲ, ನಮ್ಮ ಬಳಿ ಬರುವುದನ್ನು ಬಿಡುತ್ತಾರೆ. ಏನು ಬೇಕಾದರೂ ಮಾಡಿಕೊಳ್ಳಿರೆಂದು ಕೈಚೆಲ್ಲಿದರೆ ಅದು ಔದಾರ್ಯವಲ್ಲ, ಸೋಮಾರಿತನ.

ಆದ್ದರಿಂದ ವಾದ್ಯವನ್ನು ನೋಡದೆ ನಾಲ್ಕು ಮಾತು ಕೇಳೋಣ. ಹಾಡುವ ನುಡಿಯ ಅರ್ಥವನ್ನು ಗುರುಹಿರಿಯರ ಬಳಿ ಕುಳಿತು ತಿಳಿದಿರುವಿರಾ? ನಿಮ್ಮ ಕಥೆಯಲ್ಲಿ ಯಾವುದಾದರೂ ಜಾತಿಯನ್ನು, ಮತವನ್ನು, ಕಸುಬಿನವರನ್ನು ಖಳರ ಸಾಲಿನಲ್ಲಿ ನಿಲ್ಲಿಸಿ ಚಪ್ಪಾಳೆ ಗಿಟ್ಟಿಸುವಿರಾ? ಕಾಸಿಲ್ಲದ ಕೂಲಿಕಾರನು ಬಂದರೆ ಮುಂದಿನ ಸಾಲಿನಲ್ಲಿ ಕೂರಿಸುವಿರಾ? ಆಟ ಮುಗಿದ ಮರುದಿನ ಬೆಳಗ್ಗೆ ಏನು ಮಾಡುವಿರಿ? ಈ ನಾಲ್ಕಕ್ಕೂ ನೇರ ಉತ್ತರ ಕೊಡುವವರಿಗೆ ಮಠದ ವೇದಿಕೆಯನ್ನು ಬಿಟ್ಟುಕೊಡಲು ಹಿಂಜರಿಯಬೇಕಾಗಿಲ್ಲ. ಉತ್ತರ ಕೊಡಲಾರದವರು ತಂಬೂರಿ ಹಿಡಿದು ಬಂದರೂ ಒಪ್ಪಬೇಕಾಗಿಲ್ಲ. ಈ ಪ್ರಶ್ನೆಗಳು ಹಿರಿಯರಾದ ನಮಗೂ ಸಲ್ಲುತ್ತವೆ ಎಂಬುದನ್ನು ಮರೆಯದಿರೋಣ. ಐವತ್ತು ವರ್ಷ ಭಜನೆ ಮಾಡಿದವರಾದರೂ ಮರುದಿನದ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ಮುಂದಿನ ಗೋಷ್ಠಿಗೆ ಆ ಹಿರಿಯರೂ ಬರುತ್ತಾರೆ, ಆ ಹುಡುಗನೂ ಬರುತ್ತಾನೆ. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಪ್ರಸಾದಕ್ಕೆ ಕೂರಿಸಿ ಈ ಮಾತನ್ನು ಮತ್ತೆ ಎತ್ತಬೇಕೆಂದಿದ್ದೇನೆ. ಈ ಬಾರಿ ಗಂಟೆ ಬಾರಿಸಿದರೂ ವಾದ ನಿಲ್ಲದಿರಲಿ. ವಾಚಕರಾದ ನೀವೂ ನಿಮ್ಮ ನಿಮ್ಮ ಊರಿನ ಗೋಷ್ಠಿಯಲ್ಲಿ, ನಿಮ್ಮ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, ಇದನ್ನು ಚರ್ಚಿಸಬೇಕೆಂದು ವಿನಂತಿ.